ಕಾಂಟ್ರಾಕ್ಟರ್ ಆಗಬಹುದು, ಆದರೆ ಆ ತಿಂಗಳುಗಳು ಪಿಆರ್ ಲೆಕ್ಕಕ್ಕೆ ಬರುತ್ತವೆಯೇ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿರುವ ನಿವೃತ್ತ ಬ್ಯಾಂಕ್ ನೌಕರ. ಮಗಳು ಕೆನಡಾದ ಒಂಟಾರಿಯೊದಲ್ಲಿ ಎರಡು ವರ್ಷದ ಕೋರ್ಸ್ ಮುಗಿಸಿ, ಮೂರು ವರ್ಷದ ಪೋಸ್ಟ್ ಗ್ರ್ಯಾಜುಯೇಶನ್ ವರ್ಕ್ ಪರ್ಮಿಟ್ ಮೇಲೆ ಇದ್ದಾಳೆ. ಮೊದಲು ಒಂದು ಕಾಫಿ ಶಾಪಿನಲ್ಲಿ ಕೆಲಸ ಮಾಡಿದಳು. ಆಮೇಲೆ ಏಳು ತಿಂಗಳು ಒಂದು ಕಂಪನಿಯ ಪೇರೋಲ್ ಮೇಲೆ ಡೇಟಾ ಅನಾಲಿಸ್ಟ್ ಆಗಿದ್ದಳು. ಅಲ್ಲಿ ಜನ ಕಡಿಮೆ ಮಾಡಿದಾಗ ಕೆಲಸ ಹೋಯಿತು. ಪರ್ಮಿಟ್ ಇನ್ನು 14 ತಿಂಗಳು ಇದೆ. ಈಗ ಮಿಸ್ಸಿಸಾಗದ ಒಂದು ಸಣ್ಣ ಕಂಪನಿಯವರು ಅದೇ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಪೇರೋಲ್ ಆದರೆ ಗಂಟೆಗೆ 27 ಡಾಲರ್, ಅವಳೇ ಕಾಂಟ್ರಾಕ್ಟರ್ ಅಂತ ರಿಜಿಸ್ಟರ್ ಆಗಿ ಇನ್‌ವಾಯ್ಸ್ ಕೊಟ್ಟರೆ 30. ಅವರಿಗೆ ಎರಡನೆಯದೇ ಇಷ್ಟ. ಸೋಮವಾರದೊಳಗೆ ಎಚ್‌ಎಸ್‌ಟಿ (ಅಲ್ಲಿಯ ಜಿಎಸ್‌ಟಿ) ನಂಬರ್ ಕಳಿಸು ಅಂದಿದ್ದಾರೆ. ಅವಳ ರೂಮ್‌ಮೇಟ್ ಹೇಳುವ ಪ್ರಕಾರ, ಟೆಂಪರರಿ ಪರ್ಮಿಟ್ ಇರುವವರು ಬಿಸಿನೆಸ್ ನಂಬರ್ ತಗೊಂಡರೆ ದೇಶದಿಂದ ಹೊರಗೆ ಹಾಕುತ್ತಾರೆ. ಇನ್ನೊಬ್ಬ ಸ್ನೇಹಿತ, ನಂಬರ್ ಸಿಕ್ಕಿತು ಅಂದರೆ ಎಲ್ಲ ಲೀಗಲ್, ಧೈರ್ಯವಾಗಿ ಮಾಡು ಅನ್ನುತ್ತಾನೆ. ಮಗಳಿಗೆ ಪಿಆರ್, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ, ಆಗಬೇಕು. ಏನು ಮಾಡಲಿ?

ಉತ್ತರ: ಸರ್, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದರೊಳಗೊಂದು ಸೇರಿಕೊಂಡಿವೆ. ಕಾಂಟ್ರಾಕ್ಟರ್ ಆದರೆ ಕಾನೂನು ಮುರಿದ ಹಾಗಾಗುತ್ತದಾ ಅನ್ನೋದು ಒಂದು. ನಿಮ್ಮ ನಿದ್ದೆ ಕೆಡಿಸಿರುವುದು ಇನ್ನೊಂದು: ಇದರಿಂದ ಪಿಆರ್‌ಗೆ ಕಲ್ಲು ಬೀಳುತ್ತದಾ? ಮೊದಲನೆಯದಕ್ಕೆ ನನ್ನ ಉತ್ತರ ಸಮಾಧಾನದ್ದೇ. ಎರಡನೆಯದಕ್ಕೆ ಸ್ವಲ್ಪ ಕೂತು ಲೆಕ್ಕ ಹಾಕಬೇಕು.

ನಾನು ಚಾರ್ಟರ್ಡ್ ಅಕೌಂಟೆಂಟ್. ಆರು ವರ್ಷ ಟೊರೊಂಟೊದ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಕೆಲಸ ಮಾಡಿ ಬಂದು, ಈಗ ಮಲ್ಲೇಶ್ವರದಲ್ಲಿ ಕೂತು ಅಲ್ಲಿರುವ ನಮ್ಮ ಮಕ್ಕಳ ಟ್ಯಾಕ್ಸ್ ಫೈಲ್ ನೋಡುತ್ತೇನೆ. ಪಿಆರ್ ಅರ್ಜಿಯನ್ನು ನಾನು ತುಂಬುವುದಿಲ್ಲ. ಫೀಸ್ ತಗೊಂಡು ಆ ಸಲಹೆ ಕೊಡಲು ಅಲ್ಲಿ ವಕೀಲರಿಗೆ, ಲೈಸೆನ್ಸ್ ಇರುವ ಇಮಿಗ್ರೇಶನ್ ಕನ್ಸಲ್ಟೆಂಟ್‌ಗಳಂಥವರಿಗೆ ಮಾತ್ರ ಹಕ್ಕಿದೆ. ಆದರೆ ಟ್ಯಾಕ್ಸ್ ಕಾಗದದಲ್ಲಿ ಆದ ತಪ್ಪು ಪಿಆರ್ ಕಾಗದದಲ್ಲಿ ಹೇಗೆ ಎದ್ದು ಬರುತ್ತದೆ ಅನ್ನೋದನ್ನು ತುಂಬ ಸಲ ನೋಡಿದ್ದೇನೆ.

ರೂಮ್‌ಮೇಟ್ ಹೇಳಿದ್ದೂ ಸರಿಯಲ್ಲ, ಸ್ನೇಹಿತ ಹೇಳಿದ್ದೂ ಸರಿಯಲ್ಲ. ಬಿಸಿನೆಸ್ ನಂಬರ್, ಅದರ ಜೊತೆಯ ಎಚ್‌ಎಸ್‌ಟಿ ನಂಬರ್, ಎರಡನ್ನೂ ಕೊಡುವುದು ಕೆನಡಾದ ತೆರಿಗೆ ಇಲಾಖೆ, ಅಂದರೆ ಸಿಆರ್‌ಎ. ಕೆಲಸ ಮಾಡಲು ಅನುಮತಿ ಕೊಡುವುದು ಐಆರ್‌ಸಿಸಿ, ವಲಸೆ ಇಲಾಖೆ. ಒಬ್ಬರು ಕೊಟ್ಟ ಮಾತ್ರಕ್ಕೆ ಇನ್ನೊಬ್ಬರು ಕೊಟ್ಟ ಹಾಗಾಗುವುದಿಲ್ಲ. ನಮ್ಮಲ್ಲಿ ಪ್ಯಾನ್ ಕಾರ್ಡ್ ಇದೆ ಅಂತ ಅಂಗಡಿ ತೆರೆದರೆ ಪಾಲಿಕೆಯವರು ಟ್ರೇಡ್ ಲೈಸೆನ್ಸ್ ಕೇಳದೆ ಬಿಡುತ್ತಾರಾ? ಹಾಗೇ ಇದು. ನಂಬರ್ ತಗೊಂಡಿದ್ದೇ ತಪ್ಪು ಅಂತ ಯಾರೂ ಹೊರಗೆ ಹಾಕುವುದಿಲ್ಲ. ನಂಬರ್ ಇದ್ದ ಮಾತ್ರಕ್ಕೆ ಕೆಲಸ ಮಾಡುವ ಹಕ್ಕೂ ಬರುವುದಿಲ್ಲ.

ಹಕ್ಕು ಇದೆಯಾ ಇಲ್ಲವಾ ಅನ್ನೋದು ಪರ್ಮಿಟ್ ಕಾಗದದಲ್ಲೇ ಇದೆ. ಮಗಳಿಗೆ ಹೇಳಿ ಅದರ ಫೋಟೊ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ, ದೊಡ್ಡದು ಮಾಡಿ ನೋಡಿ. ಎಂಪ್ಲಾಯರ್ ಅನ್ನುವ ಸಾಲಿನ ಮುಂದೆ ಓಪನ್ ಅಂತ ಇರುತ್ತದೆ. ಆಕ್ಯುಪೇಶನ್ ಮುಂದೆಯೂ ಓಪನ್. ಪೋಸ್ಟ್ ಗ್ರ್ಯಾಜುಯೇಶನ್ ಪರ್ಮಿಟ್ ಓಪನ್ ಪರ್ಮಿಟ್. ಅವಳು ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು, ಸ್ವಂತಕ್ಕೂ ಮಾಡಬಹುದು. ಕೆಳಗೆ ಕಂಡೀಶನ್ಸ್ ಅಂತ ಒಂದೆರಡು ಸಾಲು ಇರುತ್ತವೆ, ಅವನ್ನೂ ಓದಿ. ಮೆಡಿಕಲ್ ಪರೀಕ್ಷೆ ಮಾಡಿಸದವರಿಗೆ ಆಸ್ಪತ್ರೆ, ಮಕ್ಕಳ ಆರೈಕೆಯಂಥ ಕೆಲಸ ಮಾಡಬಾರದು ಅಂತ ಬರೆದಿರುತ್ತಾರೆ. ಡೇಟಾ ಅನಾಲಿಸ್ಟ್ ಕೆಲಸಕ್ಕೆ ಅದು ಅಡ್ಡ ಬರುವುದಿಲ್ಲ.

ರೂಮ್‌ಮೇಟ್ ಮಾತಿನ ಮೂಲ ಎಲ್ಲಿರಬಹುದು ಅಂತ ನನಗೆ ಅನ್ನಿಸುತ್ತದೆ. ಎಂಪ್ಲಾಯರ್ ಸಾಲಿನಲ್ಲಿ ಒಂದು ಕಂಪನಿಯ ಹೆಸರೇ ಇರುವ ಪರ್ಮಿಟ್‌ಗಳಿವೆ. ಜನ ಅದನ್ನು ಕ್ಲೋಸ್ಡ್ ಪರ್ಮಿಟ್ ಅನ್ನುತ್ತಾರೆ. ಅದು ಇರುವವರು ವಾರಾಂತ್ಯದಲ್ಲಿ ಸುಮ್ನೆ ಊಟ ಡೆಲಿವರಿ ಮಾಡಿದರೂ ಅನುಮತಿಯಿಲ್ಲದ ಕೆಲಸವೇ. ಮುಂದೆ ಹೊಸ ಪರ್ಮಿಟ್ ಕೇಳಿದಾಗ ಅದು ಕುತ್ತಿಗೆಗೆ ಬರುತ್ತದೆ. ರೂಮ್‌ಮೇಟ್ ಹತ್ತಿರ ಇರುವುದು ಅಂಥದ್ದೇ ಪರ್ಮಿಟ್ ಆದರೆ, ಅವಳು ಹೆದರುವುದರಲ್ಲಿ ಅರ್ಥವಿದೆ. ನಿಮ್ಮ ಮಗಳ ಪರ್ಮಿಟ್ ಬೇರೆ ಜಾತಿಯದು.

ಈಗ ಪಿಆರ್ ವಿಷಯಕ್ಕೆ ಬರೋಣ. ಕೆನಡಾದಲ್ಲೇ ಓದಿ ಕೆಲಸ ಮಾಡಿದವರು ಸಾಮಾನ್ಯವಾಗಿ ಹೋಗುವ ದಾರಿ ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್. ಅದಕ್ಕೆ ಅರ್ಜಿ ಹಾಕುವ ಹಿಂದಿನ ಮೂರು ವರ್ಷದೊಳಗೆ ಒಂದು ವರ್ಷದ ಕೌಶಲದ ಕೆಲಸ ಬೇಕು. ಗಂಟೆ ಲೆಕ್ಕದಲ್ಲಿ 1,560. ವಾರಕ್ಕೆ 30 ಗಂಟೆಗಿಂತ ಜಾಸ್ತಿ ಮಾಡಿದರೆ ಆ ಜಾಸ್ತಿ ಲೆಕ್ಕಕ್ಕಿಲ್ಲ, ಹಾಗಾಗಿ ಬೇಗ ಮುಗಿಸಿಬಿಡೋಣ ಅಂದರೆ ಆಗುವುದಿಲ್ಲ. ಕಾಫಿ ಶಾಪಿನ ಕೌಂಟರ್ ಕೆಲಸ ಈ ಪಟ್ಟಿಗೆ ಸೇರುವುದಿಲ್ಲ. ಮತ್ತೆ, ನಿಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟ ಸಾಲು ಇದು: ಸ್ವಂತ ಉದ್ಯೋಗದ ಅವಧಿ ಲೆಕ್ಕಕ್ಕಿಲ್ಲ. ಒಂದು ದಿನವೂ ಇಲ್ಲ. ಕೆಲಸ ಮಾಡಲು ಅನುಮತಿ ಇದ್ದರೂ, ಟ್ಯಾಕ್ಸ್ ಸರಿಯಾಗಿ ಕಟ್ಟಿದ್ದರೂ, ಆ ತಿಂಗಳುಗಳನ್ನು ಎಣಿಸುವುದಿಲ್ಲ. ಪಿಆರ್‌ಗೆ ಆರಿಸಲು ಪಾಯಿಂಟ್ಸ್ ಕೊಡುವಾಗಲೂ ಕೆನಡಾದ ಅನುಭವ ಅಂತ ಅದನ್ನು ಹಿಡಿಯುವುದಿಲ್ಲ. ವೈದ್ಯರಿಗೆ ಮಾತ್ರ ಇದರಲ್ಲಿ ವಿನಾಯಿತಿ ಕೊಟ್ಟಿದ್ದಾರೆ, ಯಾಕಂದರೆ ಅಲ್ಲಿ ಎಷ್ಟೋ ಡಾಕ್ಟರುಗಳು ಸಂಬಳದ ಮೇಲೆ ಇರುವುದಿಲ್ಲ.

ನಿಮ್ಮ ಮಗಳ ಕೈಯಲ್ಲಿ ಏಳು ತಿಂಗಳು ಭದ್ರವಾಗಿದೆ. ಇನ್ನು ಬೇಕಾಗಿರುವುದು ಐದು ತಿಂಗಳು, ವಾರದ ಲೆಕ್ಕದಲ್ಲಿ ಸುಮಾರು 22 ವಾರ. ನಡುವೆ ಕೆಲಸ ಇಲ್ಲದೆ ಇದ್ದರೂ ತೊಂದರೆಯಿಲ್ಲ, ಈ ದಾರಿಯಲ್ಲಿ ಒಂದೇ ಸಮನೆ ಮಾಡಿರಬೇಕು ಅಂತ ಇಲ್ಲ. ಆದರೆ ಪೋಸ್ಟ್ ಗ್ರ್ಯಾಜುಯೇಶನ್ ಪರ್ಮಿಟ್ ಜೀವನದಲ್ಲಿ ಒಂದೇ ಸಲ ಸಿಗುತ್ತದೆ. ಉಳಿದ 14 ತಿಂಗಳನ್ನೂ 30 ಡಾಲರ್ ಆಸೆಗೆ ಕಾಂಟ್ರಾಕ್ಟ್ ಮೇಲೆ ಕಳೆದರೆ, ಕೊನೆಗೆ ಕೈಯಲ್ಲಿ ಉಳಿಯುವುದು ಅದೇ ಏಳು ತಿಂಗಳು. ನನಗೆ ಹೆದರಿಕೆ ಇರುವುದು ಇದರದ್ದೇ.

ಹೀಗೇ ಆದ ಒಂದು ಫೈಲ್ ನನ್ನ ಕಣ್ಣ ಮುಂದೆ ಇದೆ. ಹುಡುಗ ರಜೆಗೆ ಬಂದಿದ್ದ. ಅಪ್ಪ ಅಮ್ಮನ ಜೊತೆ ಆಫೀಸಿಗೆ ಬಂದು ಒಂದು ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ಮೇಜಿನ ಮೇಲೆ ಹರಡಿದ. ಸಂಬಳದವರಿಗೆ ಕಂಪನಿ ಕೊಡುವ ಟಿ4 ಅನ್ನುವ ಟ್ಯಾಕ್ಸ್ ಚೀಟಿ ಇರಲಿಲ್ಲ. ಎರಡು ವರ್ಷದ ಟಿ4ಎ ಇತ್ತು, ಎರಡರಲ್ಲೂ 48ನೇ ಬಾಕ್ಸ್ ಮಾತ್ರ ತುಂಬಿತ್ತು. ಆ ಬಾಕ್ಸ್ ಅಂದರೆ ಸೇವೆಗೆ ಕೊಟ್ಟ ಶುಲ್ಕ. ನಾನು ಅವನನ್ನು ಕೇಳಿದೆ, ಲ್ಯಾಪ್‌ಟಾಪ್ ಯಾರದು? ಕಂಪನಿಯದು. ಎಷ್ಟು ಹೊತ್ತಿಗೆ ಹೋಗಬೇಕು? ಒಂಬತ್ತಕ್ಕೆ. ರಜೆ ಬೇಕಾದರೆ? ಮ್ಯಾನೇಜರ್‌ಗೆ ಮೇಲ್ ಹಾಕಿ ಒಪ್ಪಿಗೆ ತಗೋಬೇಕು. ನಿನ್ನ ಬದಲು ಸ್ನೇಹಿತನನ್ನು ಕಳಿಸಬಹುದಾ? ಅವನಿಗೆ ಆ ಪ್ರಶ್ನೆಯೇ ಅರ್ಥ ಆಗಲಿಲ್ಲ.

ಅಂದರೆ ಅವನು ನಿಜವಾಗಿ ನೌಕರನೇ ಆಗಿದ್ದ, ಹೆಸರಿಗೆ ಮಾತ್ರ ಕಾಂಟ್ರಾಕ್ಟರ್. ಅಲ್ಲಿಯ ಕಾನೂನು ಕರಾರಿನ ತಲೆಬರಹವನ್ನಷ್ಟೇ ನೋಡುವುದಿಲ್ಲ. ಕೆಲಸದ ಮೇಲೆ ಹಿಡಿತ ಯಾರದು, ಸಲಕರಣೆ ಯಾರದು, ಸಹಾಯಕರನ್ನು ಇಟ್ಟುಕೊಳ್ಳಬಹುದಾ, ಲಾಭ ನಷ್ಟದ ಅಪಾಯ ಯಾರ ತಲೆ ಮೇಲೆ, ಇದನ್ನೆಲ್ಲ ನೋಡುತ್ತದೆ. ಸಂಶಯ ಇದ್ದರೆ ಸಿಪಿಟಿ1 ಅನ್ನುವ ಫಾರ್ಮ್ ಹಾಕಿ ಸಿಆರ್‌ಎಯಿಂದಲೇ ತೀರ್ಮಾನ ಕೇಳಬಹುದು. ಕೆಲಸ ಮಾಡಿದ ವರ್ಷದ ಮುಂದಿನ ವರ್ಷ ಜೂನ್ 29ರೊಳಗೆ ಕೇಳಬೇಕು. ನೌಕರರನ್ನು ಕಾಂಟ್ರಾಕ್ಟರ್ ಅಂತ ತೋರಿಸುವುದನ್ನು ಒಂಟಾರಿಯೊದ ಕಾರ್ಮಿಕ ಕಾನೂನು 2017ರಲ್ಲೇ ನಿಷೇಧಿಸಿದೆ. ಆ ಹುಡುಗ ಕೊನೆಯ ವರ್ಷಕ್ಕೆ ಫಾರ್ಮ್ ಹಾಕಿದ, ತೀರ್ಮಾನ ಅವನ ಪರವಾಗಿಯೇ ಬಂತು. ಆದರೆ ಬರುವ ಹೊತ್ತಿಗೆ ಅವನ ಪರ್ಮಿಟ್ ಮುಗಿದಿತ್ತು. ವಲಸೆ ಅಧಿಕಾರಿ ತನ್ನದೇ ವಿಚಾರಣೆ ಮಾಡುತ್ತಾನೆ, ಸಿಆರ್‌ಎ ಕಾಗದ ಅವನಿಗೆ ಒಂದು ಸಾಕ್ಷಿ ಅಷ್ಟೇ. ಅದಕ್ಕೇ ನಾನು, ಮೊದಲು ಸೇರಿಕೊಳ್ಳಲಿ ಆಮೇಲೆ ವಾದ ಮಾಡೋಣ ಅನ್ನುವ ಸಲಹೆ ಯಾರಿಗೂ ಕೊಡುವುದಿಲ್ಲ.

ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ ಅನ್ನೋದು ನಿಮಗೆ ಬೆಂಗಳೂರಿನಲ್ಲೇ ಗೊತ್ತಿರುತ್ತದೆ. ಇಲ್ಲಿಯೂ ಕನ್ಸಲ್ಟೆಂಟ್ ಆಗಿ ತಗೋತೀವಿ, 10% ಟಿಡಿಎಸ್ ಹಿಡಿದು ಕೊಡ್ತೀವಿ, ಪಿಎಫ್ ಇಲ್ಲ ಗ್ರಾಚ್ಯುಟಿ ಇಲ್ಲ ಅಂತಾರಲ್ವಾ? ಅಲ್ಲಿಯೂ ಕಥೆ ಅದೇ. ಪೇರೋಲ್‌ನಲ್ಲಿ ಕೆನಡಾ ಪೆನ್ಶನ್ ಪ್ಲಾನ್‌ಗೆ, ಅಂದರೆ ಸಿಪಿಪಿಗೆ, ನೌಕರ 5.95% ಕಟ್ಟಿದರೆ ಕಂಪನಿಯೂ ಅಷ್ಟೇ ಕಟ್ಟಬೇಕು. ಕಾಂಟ್ರಾಕ್ಟರ್ ಆದರೆ ಪೂರ್ತಿ 11.9% ಅವಳ ಜೇಬಿನಿಂದಲೇ. ರಜೆ ಸಂಬಳ, ಹಬ್ಬದ ರಜೆ, ಕೆಲಸದಿಂದ ತೆಗೆಯುವ ಮುನ್ನ ಕೊಡುವ ನೋಟಿಸ್, ಕೆಲಸ ಹೋದಾಗ ಸಿಗುವ ಎಂಪ್ಲಾಯ್‌ಮೆಂಟ್ ಇನ್ಶೂರೆನ್ಸ್, ಯಾವುದೂ ಇಲ್ಲ.

ನೀವು ಬ್ಯಾಂಕಿನಲ್ಲಿದ್ದವರು, ಪೆನ್ನು ತಗೊಳ್ಳಿ. ವಾರಕ್ಕೆ 40 ಗಂಟೆ ಅಂತ ಹಿಡಿಯೋಣ. ಪೇರೋಲ್ ಮೇಲೆ 27 ಡಾಲರ್ ಅಂದರೆ ವರ್ಷಕ್ಕೆ 2,080 ಗಂಟೆಗೆ 56,160 ಡಾಲರ್. ಇದರಲ್ಲಿ ಎರಡು ವಾರದ ರಜೆಗೂ, ಒಂಟಾರಿಯೊದ ಒಂಬತ್ತು ಸಾರ್ವಜನಿಕ ರಜೆಗಳಿಗೂ ಸಂಬಳ ಸೇರಿದೆ. 2025ರ ದರದಲ್ಲಿ, ಮೊದಲ 3,500 ಡಾಲರ್ ಬಿಟ್ಟು ಉಳಿದದ್ದಕ್ಕೆ ಸಿಪಿಪಿ ಸುಮಾರು 3,133, ಇನ್ಶೂರೆನ್ಸ್‌ಗೆ 1.64% ಅಂದರೆ 921 ಕಳೆಯಿರಿ. ಉಳಿಯುವುದು 52,106. ಈಗ ಕಾಂಟ್ರಾಕ್ಟ್. ಆ ರಜೆಗಳಿಗೆ ದುಡ್ಡಿಲ್ಲ, ಹಾಗಾಗಿ ದುಡಿಯುವ ಗಂಟೆ 1,928. ಗಂಟೆಗೆ 30ರಂತೆ 57,840. ಮೊದಲ 3,500 ಡಾಲರ್ ಬಿಟ್ಟು ಉಳಿದದ್ದಕ್ಕೆ 11.9% ಸಿಪಿಪಿ, ಅಂದರೆ 6,466. ಉಳಿಯುವುದು 51,374. ಎರಡಕ್ಕೂ ಇನ್‌ಕಮ್ ಟ್ಯಾಕ್ಸ್ ಇನ್ನೂ ಕಟ್ಟಿಲ್ಲ, ಖರ್ಚು ತೋರಿಸಿ ಸ್ವಲ್ಪ ಉಳಿಸಬಹುದು, ಅಕೌಂಟೆಂಟ್ ಫೀಸಿಗೆ ಸ್ವಲ್ಪ ಹೋಗುತ್ತದೆ. ಆದರೂ ನೋಡಿ, ಮೂರು ಡಾಲರ್ ಜಾಸ್ತಿ ಅಂತ ಕಂಡದ್ದು 700 ಡಾಲರ್ ಕಡಿಮೆಯಾಗಿ ನಿಂತಿದೆ.

ಎಚ್‌ಎಸ್‌ಟಿ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ಅದು ನಮ್ಮ ಜಿಎಸ್‌ಟಿ ಇದ್ದ ಹಾಗೆ, ಒಂಟಾರಿಯೊದಲ್ಲಿ 13%. ಒಂದರ ಹಿಂದೊಂದು ನಾಲ್ಕು ತ್ರೈಮಾಸಿಕಗಳಲ್ಲಿ ಸೇರಿ 30,000 ಡಾಲರ್ ದಾಟುವವರೆಗೆ ರಿಜಿಸ್ಟರ್ ಆಗಲೇಬೇಕು ಅಂತಿಲ್ಲ. ಆ ಕಂಪನಿ ಮೊದಲ ದಿನವೇ ನಂಬರ್ ಕೇಳುತ್ತಿರುವುದು ಅವರ ಅನುಕೂಲಕ್ಕೆ. ತಿಂಗಳಿಗೆ ಸುಮಾರು 4,800 ಬಂದರೆ ಏಳನೇ ತಿಂಗಳಲ್ಲಿ ಅವಳು ಆ ಗೆರೆ ದಾಟುತ್ತಾಳೆ, ಆಮೇಲೆ ರಿಜಿಸ್ಟರ್ ಆಗುವುದು ಕಡ್ಡಾಯ. ಕೇಳಬೇಕಾದ ಪ್ರಶ್ನೆ ಇದು: 30 ಡಾಲರ್ ಮೇಲೆ ಎಚ್‌ಎಸ್‌ಟಿ ಬೇರೆ ಕೊಡುತ್ತಾರಾ, ಅಥವಾ ಎಲ್ಲ ಸೇರಿ 30 ಅನ್ನುತ್ತಾರಾ? ಎಲ್ಲ ಸೇರಿ ಅಂದರೆ ಅವಳ ನಿಜವಾದ ರೇಟು 26 ಡಾಲರ್ 55 ಸೆಂಟ್. ಕರಾರಿನಲ್ಲಿ ಈ ಎರಡು ಪದ ಎಲ್ಲೋ ಕೊನೆಯ ಪುಟದಲ್ಲಿ ಕೂತಿರುತ್ತವೆ. ವಸೂಲಿ ಮಾಡಿದ ಎಚ್‌ಎಸ್‌ಟಿ ಅವಳ ದುಡ್ಡೂ ಅಲ್ಲ. ಬಾಡಿಗೆಗೆ ಅದನ್ನು ಖರ್ಚು ಮಾಡಿಕೊಂಡು, ಕಟ್ಟುವ ಹೊತ್ತಿಗೆ ಅಪ್ಪನಿಗೆ ಫೋನ್ ಮಾಡಿದ ಮಕ್ಕಳನ್ನು ನಾನು ನೋಡಿದ್ದೇನೆ.

ಯಾರೂ ಮುಂಚೆ ಹೇಳದ ಇನ್ನೊಂದು ವಿಷಯ ಆರೋಗ್ಯ ವಿಮೆ. ಒಂಟಾರಿಯೊ ಸರ್ಕಾರದ ಓಹಿಪ್ ಕಾರ್ಡ್ ವರ್ಕ್ ಪರ್ಮಿಟ್ ಇರುವವರಿಗೆ ಸಿಗಬೇಕಾದರೆ, ಒಂಟಾರಿಯೊದ ಒಬ್ಬ ಎಂಪ್ಲಾಯರ್ ಹತ್ತಿರ ಕನಿಷ್ಠ ಆರು ತಿಂಗಳ ಫುಲ್ ಟೈಮ್ ಕೆಲಸ ಇರಬೇಕು, ಅದಕ್ಕೆ ಅವರ ಪತ್ರ ಬೇಕು. ಕಾಂಟ್ರಾಕ್ಟರ್‌ಗೆ ಆ ಪತ್ರ ಕೊಡುವವರು ಯಾರು? ಅವಳ ಕಾರ್ಡ್ ಯಾವಾಗ ಮುಗಿಯುತ್ತದೆ ಅಂತ ಇವತ್ತೇ ನೋಡಲು ಹೇಳಿ.

ಹಾಗಾದರೆ ಏನು ಮಾಡಬೇಕು? ನನ್ನ ಮೊದಲ ಆಯ್ಕೆ, 27 ಡಾಲರಿಗೆ ಪೇರೋಲ್ ಕೇಳುವುದು. ಅವರೇ ಎರಡು ರೇಟು ಹೇಳಿದ್ದಾರೆ ಅಂದರೆ ಬಾಗಿಲು ಮುಚ್ಚಿಲ್ಲ. ಕಾರಣವನ್ನು ಮರೆಮಾಚದೆ ಹೇಳಲಿ: ನನಗೆ ಪಿಆರ್‌ಗೆ ಇನ್ನು ಐದು ತಿಂಗಳ ಸಂಬಳದ ಕೆಲಸ ಬೇಕು, ಕನಿಷ್ಠ ಆರು ತಿಂಗಳು ಪೇರೋಲ್ ಮೇಲೆ ತಗೊಳ್ಳಿ, ಆಮೇಲೆ ಬೇಕಾದರೆ ಕಾಂಟ್ರಾಕ್ಟ್ ಮಾತಾಡೋಣ. ಸಣ್ಣ ಕಂಪನಿಗಳಿಗೆ ಪೇರೋಲ್ ನಡೆಸುವುದೇ ತಲೆನೋವಾಗಿದ್ದರೆ, ಸ್ಟಾಫಿಂಗ್ ಏಜೆನ್ಸಿ ಮೂಲಕ ತಗೊಳ್ಳಬಹುದು. ಏಜೆನ್ಸಿ ಅವಳನ್ನು ನೌಕರಳಾಗಿ ಇಟ್ಟುಕೊಂಡು ಟಿ4 ಕೊಟ್ಟರೆ, ಅದು ಸಂಬಳದ ಕೆಲಸವೇ. ಇದರ ಅಪಾಯ ಅಂದರೆ ಏಜೆನ್ಸಿ ಕಮಿಷನ್ ಹೋಗಿ ರೇಟು ಒಂದೆರಡು ಡಾಲರ್ ಇಳಿಯಬಹುದು. ಇಳಿಯಲಿ ಬಿಡಿ, ಐದು ತಿಂಗಳ ಮಾತು.

ಒಂದು ಎಚ್ಚರಿಕೆ ಹೇಳಲೇಬೇಕು. ನಿನ್ನ ದುಡ್ಡು ನೀನೇ ಕೊಡು, ನಾವು ಅದನ್ನೇ ಸಂಬಳ ಅಂತ ತೋರಿಸಿ ಟಿ4 ಮಾಡಿಕೊಡ್ತೀವಿ ಅನ್ನುವವರು ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. ಸುಳ್ಳು ಮಾಹಿತಿ ಅಂತ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾ ಬಾಗಿಲು ಮುಚ್ಚುತ್ತದೆ. ನಿಮ್ಮ ಮಗಳಿಗೆ ಅದರ ಅಗತ್ಯವೇ ಇಲ್ಲ, ಬೇಕಾಗಿರುವುದು ಬರೀ 22 ವಾರ.

ಪೇರೋಲ್‌ಗೆ ಅವರು ಒಪ್ಪಲೇ ಇಲ್ಲ, ಕೈಯಲ್ಲಿ ಬೇರೆ ಕೆಲಸ ಇಲ್ಲ, ಬಾಡಿಗೆ ಕಟ್ಟಬೇಕು ಅಂದರೆ? ಆಗ ಕಾಂಟ್ರಾಕ್ಟ್ ತಗೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಖಾಲಿ ಕೂರುವುದಕ್ಕಿಂತ ಒಳ್ಳೆಯದು. ಆದರೆ ಒಂದು ಗಡುವು ಹಾಕಿಕೊಳ್ಳಲಿ. ಪರ್ಮಿಟ್ ಮುಗಿಯಲು ಎಂಟು ತಿಂಗಳು ಇರುವಾಗ ಹೇಗಾದರೂ ಮಾಡಿ ಟಿ4 ಕೊಡುವ ಕೆಲಸದಲ್ಲಿ ಇರಬೇಕು. ಅಲ್ಲಿಯವರೆಗೆ ಸಂಜೆ ಹೊತ್ತು ಬೇರೆ ಕಡೆ ಅರ್ಜಿ ಹಾಕುತ್ತಲೇ ಇರಲಿ. ಪೇರೋಲ್ ಕೆಲಸ ಸಿಕ್ಕ ಮೇಲೆ ವಾರಾಂತ್ಯದಲ್ಲಿ ಸ್ವಂತವಾಗಿ ಕೆಲಸ ಮಾಡಿದರೂ ಪರವಾಗಿಲ್ಲ. ಸಂಬಳದ ಗಂಟೆಗಳು ಎಣಿಕೆಗೆ ಬರುತ್ತವೆ, ಇದು ಬರುವುದಿಲ್ಲ ಅಷ್ಟೇ.

ರಿಜಿಸ್ಟರ್ ಆಗುವ ಕೆಲಸ ದೊಡ್ಡದೇನಲ್ಲ. ತನ್ನ ಸ್ವಂತ ಹೆಸರಿನಲ್ಲೇ ಮಾಡಿದರೆ ಒಂಟಾರಿಯೊದಲ್ಲಿ ಹೆಸರು ನೋಂದಾಯಿಸಬೇಕಿಲ್ಲ. ಬೇರೆ ಹೆಸರಿಟ್ಟರೆ 60 ಡಾಲರ್ ಕಟ್ಟಿ ನೋಂದಾಯಿಸಬೇಕು. ಬಿಸಿನೆಸ್ ನಂಬರ್ ಸಿಆರ್‌ಎಯಿಂದ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅವಳ ಸಿನ್, ಅಂದರೆ ಸೋಶಿಯಲ್ ಇನ್ಶೂರೆನ್ಸ್ ನಂಬರ್, 9ರಿಂದ ಶುರುವಾಗುತ್ತದೆ, ತಾತ್ಕಾಲಿಕವಾಗಿ ಇರುವವರಿಗೆಲ್ಲ ಹಾಗೇ. ಪರ್ಮಿಟ್ ಮುಗಿದ ದಿನ ಅದೂ ಮುಗಿಯುತ್ತದೆ. ಪ್ರತಿ ಇನ್‌ವಾಯ್ಸ್ ಬಂದ ದಿನವೇ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಬೇರೆ ಖಾತೆಗೆ ಹಾಕಿಡಲಿ, ಯಾಕಂದರೆ ಮೂಲದಲ್ಲೇ ಯಾರೂ ಟ್ಯಾಕ್ಸ್ ಹಿಡಿಯುವುದಿಲ್ಲ. ರಿಟರ್ನ್ ಹಾಕಲು ಸ್ವಂತ ಉದ್ಯೋಗದವರಿಗೆ ಜೂನ್ 15ರವರೆಗೆ ಸಮಯವಿದೆ. ಆದರೆ ಟ್ಯಾಕ್ಸ್ ಕಟ್ಟಲು ಏಪ್ರಿಲ್ 30 ಕೊನೆಯ ದಿನ. ಈ ಎರಡು ತಾರೀಖು ಒಂದೇ ಅಂದುಕೊಂಡು ಬಡ್ಡಿ ಕಟ್ಟುವವರು ಪ್ರತಿ ವರ್ಷ ಬರುತ್ತಾರೆ.

ಕಂಪನಿಯೇ ತೆರೆದು ಅದರಲ್ಲಿ ತಾನೇ ನೌಕರಳಾಗಿ ಸಂಬಳ ತಗೊಂಡರೆ ಪಿಆರ್‌ಗೆ ಆಗುತ್ತದಲ್ಲ ಅಂತ ಯಾರಾದರೂ ಅವಳ ಕಿವಿಗೆ ಹಾಕಬಹುದು. ಆಗುವುದಿಲ್ಲ. ಕಂಪನಿಯ ಹಿಡಿತ ಅವಳ ಕೈಯಲ್ಲಿದ್ದರೆ ಅದನ್ನೂ ಸ್ವಂತ ಉದ್ಯೋಗ ಅಂತಲೇ ನೋಡುತ್ತಾರೆ. ಒಬ್ಬರೇ ಗ್ರಾಹಕರಿಗೆ ನೌಕರಳ ಹಾಗೆ ಕೆಲಸ ಮಾಡುತ್ತಿದ್ದರೆ, ಆ ಕಂಪನಿಗೆ ಸಣ್ಣ ಉದ್ಯಮದ ಕಡಿಮೆ ದರವೂ ಸಿಗುವುದಿಲ್ಲ, 33% ಕೇಂದ್ರ ತೆರಿಗೆ ಬೀಳುತ್ತದೆ, ಮೇಲೆ ಪ್ರಾಂತ್ಯದ್ದು ಬೇರೆ. ಬೆಂಗಳೂರಿನ ಯಾವುದಾದರೂ ಕಂಪನಿಗೆ ಅಲ್ಲಿಂದಲೇ ಕೂತು ಕೆಲಸ ಮಾಡುವುದೂ ಈ ಲೆಕ್ಕಕ್ಕೆ ಸಹಾಯ ಮಾಡುವುದಿಲ್ಲ. ಎಂಪ್ಲಾಯರ್ ಕೆನಡಾದವರಾಗಿರಬೇಕು.

ಸೋಮವಾರದ ವಿಷಯ. ಎಚ್‌ಎಸ್‌ಟಿ ನಂಬರ್ ಕಳಿಸುವ ಮೊದಲು ಮಗಳು ಆ ಕಂಪನಿಗೆ ಒಂದು ಸಣ್ಣ ಮೇಲ್ ಹಾಕಲಿ, ಪೇರೋಲ್ ಮೇಲೆ ಆರು ತಿಂಗಳಿಗೆ ತಗೊಳ್ಳುತ್ತೀರಾ ಅಂತ. ಉತ್ತರ ಬರವಣಿಗೆಯಲ್ಲೇ ತಗೊಳ್ಳಲಿ. ಹಳೆಯ ಕಂಪನಿಯಿಂದ ಏಳು ತಿಂಗಳ ಅನುಭವದ ಪತ್ರ ಇನ್ನೂ ತಗೊಂಡಿಲ್ಲ ಅಂದರೆ ಅದನ್ನೂ ಈ ವಾರವೇ ಕೇಳಲಿ. ಹುದ್ದೆ, ಮಾಡಿದ ಕೆಲಸಗಳು, ವಾರದ ಗಂಟೆ, ಸಂಬಳ, ಸೇರಿದ ಮತ್ತು ಬಿಟ್ಟ ತಾರೀಖು, ಎಲ್ಲ ಇರಬೇಕು. ಕಾಂಟ್ರಾಕ್ಟ್ ಕರಡು ಬಂದರೆ ಸಹಿ ಮಾಡುವ ಮುಂಚೆ ಕೊನೆಯ ಪುಟದ ಸಮೇತ ನನಗೆ ಕಳಿಸಿ. ಅಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತು ಅಂದರೆ ಈಗ ನಮಗೆ ಸಂಜೆ ಆರೂವರೆ. ಆಗ ನಾನು ಆಫೀಸಿನಲ್ಲೇ ಇರುತ್ತೇನೆ, ಮೂರೂ ಜನ ಒಟ್ಟಿಗೆ ಫೋನಿನಲ್ಲಿ ಕೂತು ಓದೋಣ.